ಗೋಡೆಯಾಚೆ ಮಲಗಿದವರು

ಹೋದ ಮಾಗಿಯ ಒಂದು ಸಂಜೆ ದೊಡ್ಡಪ್ಪ ಬೀರುವಿನಿಂದ ಒಂದು ಬಟ್ಟೆಗಂಟು ತಂದು ಜಗಲಿಯ ಮೇಲೆ ಬಿಚ್ಚಿದರು. ಒಳಗಿದ್ದದ್ದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್, ಪಕ್ಕದಲ್ಲಿ ತೋಟಾಗಳ ಒಂದು ಪುಟ್ಟ ಡಬ್ಬಿ.

"ನೀನು ಓದಿರೋನು. ಮನೆ ಕಾಯಕ್ಕೆ ಇದಕ್ಕೆ ಯಾವ ತೋಟಾ ಒಳ್ಳೇದು ಅಂತ ವಸಿ ನೋಡಿ ಹೇಳು. ಅಂಗಡಿಯೋನು ಒಂದೇ ಥರದ್ದು ಕೊಟ್ಟವ್ನೆ. ಬೇರೆ ಬೇರೆ ಥರ ಬರ್ತವಂತೆ."

ದ್ರಾಕ್ಷಿಗೆ ಯಾವ ಔಷಧಿ ಹೊಡೆಯಬೇಕು ಎಂದು ಕೇಳುವಷ್ಟೇ ಸಹಜವಾಗಿ ಕೇಳಿದರು. ನಾನು ನೀತಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವನು. ಮನುಷ್ಯ ಮನುಷ್ಯನನ್ನು ಕೊಲ್ಲುವುದು ಯಾವಾಗ ಸರಿ ಎಂಬ ಬಗ್ಗೆ ಸೆಮಿನಾರುಗಳಲ್ಲಿ ಮಾತಾಡಿದ್ದೇನೆ. ಆದರೆ ಯಾವುದರಿಂದ ಎಂದು ಅದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. "ನೋಡ್ತೀನಿ ದೊಡ್ಡಪ್ಪ" ಎಂದೆ.

ಅವರು ಹೆದರಿದ್ದು ಸುಮ್ಮನೆ ಅಲ್ಲ. ದೊಡ್ಡಬಳ್ಳಾಪುರದ ಕಡೆಯ ಆ ತೋಟದ ಮನೆ ಊರಿಂದ ಒಂದು ಮೈಲಿ ಆಚೆಗಿದೆ. ಎರಡೆಕರೆ ನೀಲಿ ದ್ರಾಕ್ಷಿ, ಸಾವಿರ ಅಡಿ ದಾಟಿದ ಬೋರ್‌ವೆಲ್, ಎರಡು ಹಸು. ಮಕ್ಕಳಿಬ್ಬರೂ ಊರು ಬಿಟ್ಟಿದ್ದಾರೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲ ಹೊಲಗಳು ಒಂದೊಂದಾಗಿ ಲೇಔಟ್ ಆದವು. ಕಾಂಪೌಂಡ್ ಎದ್ದವು, ಮನೆಗಳು ಏಳಲಿಲ್ಲ. ಮೊದಲು ರಾತ್ರಿ ಕೂಗಿದರೆ ಪಕ್ಕದ ಹೊಲದಿಂದ ಒಬ್ಬರಾದರೂ ಓಗೊಡುತ್ತಿದ್ದರು. ಈಗ ಪಕ್ಕದಲ್ಲಿರುವುದು ಸೈಟ್ ನಂಬರಿನ ಕಲ್ಲುಗಳು. ಒಂಟಿ ಮನೆಗೆ ನುಗ್ಗಿ ವಯಸ್ಸಾದವರನ್ನು ಕಟ್ಟಿಹಾಕಿ ದೋಚಿದ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ದೊಡ್ಡಮ್ಮ ಅವತ್ತು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ದೊಡ್ಡಪ್ಪ ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ತಿಂಗಳುಗಟ್ಟಲೆ ಅಲೆದು ಲೈಸೆನ್ಸ್ ಮಾಡಿಸಿದ್ದು ಆ ನಿದ್ದೆಗೋಸ್ಕರ.

ನಮ್ಮ ಮನೆಗೆ ಆಯುಧ ಹೊಸದೇನಲ್ಲ. ಅಜ್ಜನಿಗೆ ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆ ಕೋವಿ ಇತ್ತು. ಹಂದಿ ಬೆದರಿಸಲು ಎಷ್ಟು ಈಡು, ಹಕ್ಕಿ ಓಡಿಸಲು ಯಾವ ಚರೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತಂತೆ. ಮನುಷ್ಯನಿಗೆ ಯಾವುದು ಎಂಬ ಪ್ರಶ್ನೆ ಆ ಕೋವಿಯ ಜೊತೆ ಮನೆಗೆ ಬಂದಿರಲಿಲ್ಲ. ರಿವಾಲ್ವರಿನ ಜೊತೆಗೆ ಬರುವುದು ಅದೊಂದೇ ಪ್ರಶ್ನೆ. ಹಂದಿಗಾಗಲಿ ಹಕ್ಕಿಗಾಗಲಿ ಯಾರೂ ರಿವಾಲ್ವರ್ ಕೊಳ್ಳುವುದಿಲ್ಲ.

*

ಕೊಟ್ಟ ಮಾತಿನಂತೆ ಓದತೊಡಗಿದೆ. ಈ ವಿಷಯದ ಸಲಹೆಗಳೆಲ್ಲ ಹೆಚ್ಚಾಗಿ ಬರುವುದು ಅಮೆರಿಕದಿಂದ. ಅಲ್ಲಿ ಬಹುಪಾಲು ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ಗುಂಡು ತಪ್ಪಿದರೆ ಗೋಡೆ ತೂರಿ ಪಕ್ಕದ ಕೋಣೆಯ ಮಗುವಿಗೆ ತಾಗೀತು ಎಂಬುದು ಅವರ ದೊಡ್ಡ ಆತಂಕ. ಹಾಗಾಗಿ ಅವರು ಹೇಳುವುದು: ಗಟ್ಟಿ ಮೂತಿಯ ಗುಂಡು ಬೇಡ, ತುದಿಯಲ್ಲಿ ಗುಳಿಯಿರುವ ಗುಂಡು ತೆಗೆದುಕೊಳ್ಳಿ. ಗಟ್ಟಿ ಗುಂಡು ಮೈಯನ್ನು ಹೊಕ್ಕು ಆಚೆಗೂ ಹೋಗಬಹುದು. ಗುಳಿಯ ಗುಂಡು ಮೈಯೊಳಗೆ ಅಣಬೆಯಂತೆ ಅರಳಿ ತನ್ನ ವೇಗವನ್ನೆಲ್ಲ ಅಲ್ಲೇ ಕಳೆದುಕೊಳ್ಳುತ್ತದೆ. ಎದುರಿದ್ದವನಿಗೆ ಗಾಯ ದೊಡ್ಡದು, ಹಿಂದಿದ್ದವನಿಗೆ ಅಪಾಯ ಕಡಿಮೆ. ಇದಕ್ಕೊಂದು ಕೊಸರೂ ಇದೆ. ಆ ಗುಳಿ ಮೊದಲು ಗೋಡೆಯ ಪುಡಿಯಿಂದಲೋ ದಪ್ಪ ಬಟ್ಟೆಯಿಂದಲೋ ತುಂಬಿಕೊಂಡರೆ ಗುಂಡು ಅರಳದೆ, ಮಾಮೂಲಿ ಗುಂಡಿನಂತೆಯೇ ಮುಂದಕ್ಕೆ ಹೋಗಬಹುದು. .32ರಂಥ ನಿಧಾನದ ತೋಟಾದಲ್ಲಿ ಅದು ಅರಳುವ ಭರವಸೆ ಇನ್ನೂ ಕಡಿಮೆ.

ಇಷ್ಟು ಓದಿದವನಿಗೆ ಒಂದು ಹಳೆಯ ದಾಖಲೆ ನೆನಪಾಯಿತು. ಹೀಗೆ ಮೈಯೊಳಗೆ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಕೂಡದು ಎಂದು 1899ರಲ್ಲಿ ಹೇಗ್ ಸಮ್ಮೇಳನದ ಒಂದು ಘೋಷಣೆ ಹೇಳಿತು. ಸೈನಿಕನನ್ನು ಯುದ್ಧದಿಂದ ಹೊರಗಿಟ್ಟರೆ ಸಾಕು, ಅನಗತ್ಯ ನರಳಾಟ ಬೇಡ ಎಂಬುದು ಅದರ ಹಿಂದಿನ ತತ್ವ. ಆ ಗುಂಡಿಗೆ ಜಗತ್ತಿನಾದ್ಯಂತ ನಿಂತ ಹೆಸರು ಡಮ್‌ಡಮ್. ಕಲ್ಕತ್ತೆಯ ಹತ್ತಿರದ ಡಮ್‌ಡಮ್ ಮದ್ದುಗುಂಡು ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಬ್ರಿಟಿಷರು ಅದನ್ನು ಮಾಡಿಸಿದ್ದರಿಂದ. ಹೇಗ್‌ನಲ್ಲಿ ಬ್ರಿಟನ್ನಿನ ಪರವಾಗಿ ಸರ್ ಜಾನ್ ಆರ್ಡಾ ಅದನ್ನು ಸಮರ್ಥಿಸಿದರು. ಅವರ ವಾದದ ಸಾರ ಇಷ್ಟು: ನಾಗರಿಕ ದೇಶದ ಸೈನಿಕ ಗುಂಡು ತಾಗಿದರೆ ಹಿಂದೆ ಸರಿಯುತ್ತಾನೆ, ಅನಾಗರಿಕ ಮತಾಂಧ ಗುಂಡು ತಾಗಿದರೂ ನುಗ್ಗುತ್ತಲೇ ಇರುತ್ತಾನೆ, ಅವನಿಗೆ ಸಣ್ಣ ಗಾಯ ಸಾಲದು.

ಅಂದರೆ ಒಂದೇ ಗುಂಡನ್ನು ಯುದ್ಧದ ನೀತಿ ಕ್ರೂರವೆಂದು ತಳ್ಳಿತು, ಮನೆ ಕಾಯುವವರ ಜಾಣ್ಮೆ ಹೆಚ್ಚು ಜವಾಬ್ದಾರಿಯದೆಂದು ಆರಿಸಿಕೊಂಡಿತು. ಎರಡರಲ್ಲೂ ತರ್ಕವಿದೆ. ಯುದ್ಧದ ನೀತಿ ಗುಂಡಿನ ಎದುರಿಗಿರುವವನನ್ನು ನೋಡುತ್ತದೆ. ಮನೆಯ ಜಾಣ್ಮೆ ಅವನ ಹಿಂದಿರುವವನನ್ನು ನೋಡುತ್ತದೆ. ಆರ್ಡಾ ಹೇಳಿದ್ದು ಮೂರನೆಯ ಬಗೆಯ ಮಾತು. ಎದುರಿಗಿರುವವನು ನಮ್ಮಂಥ ಮನುಷ್ಯನಲ್ಲ ಎಂದು ಮೊದಲೇ ತೀರ್ಮಾನಿಸಿ ಅವನ ಅಳತೆಗೆ ಗುಂಡು ಮಾಡಿಸಿದ ಮಾತು ಅದು. ತೋಟಾ ಆರಿಸುವಾಗ ನಾವು ಈ ಮೂರರಲ್ಲಿ ಯಾವುದನ್ನು ಮಾಡುತ್ತಿದ್ದೇವೆ ಎಂದು ನಮಗೇ ತಿಳಿಯುವುದು ಕಷ್ಟ. ದೊಡ್ಡಪ್ಪ ಕಳ್ಳರ ಬಗ್ಗೆ ಮಾತಾಡುವಾಗ ಎಂದೂ "ಅವನು" ಎನ್ನುವುದಿಲ್ಲ. "ಅವು" ಎನ್ನುತ್ತಾರೆ.

ಬಂದೂಕಿನ ವ್ಯಾಪಾರದಲ್ಲಿ "ಸ್ಟಾಪಿಂಗ್ ಪವರ್" ಎಂಬ ಮಾತಿದೆ, ನಿಲ್ಲಿಸುವ ಶಕ್ತಿ. ಕೊಲ್ಲುವ ಶಕ್ತಿ ಎಂದು ಯಾರೂ ಅನ್ನುವುದಿಲ್ಲ. ಮೊದಲು ಇದು ಬರೀ ಜಾಣತನ ಅನ್ನಿಸಿತು. ಆಮೇಲೆ 13ನೇ ಶತಮಾನದ ತಾಮಸ್ ಅಕ್ವಿನಾಸ್ ನೆನಪಾದರು. ಆತ್ಮರಕ್ಷಣೆಯಲ್ಲಿ ನನ್ನ ಉದ್ದೇಶ ನನ್ನ ಜೀವ ಉಳಿಸಿಕೊಳ್ಳುವುದು, ಎದುರಿನವನ ಸಾವು ಉದ್ದೇಶದ ಹೊರಗಿನದು, ಆದ್ದರಿಂದ ಅದು ಪಾಪವಲ್ಲ ಎಂಬುದು ಅವರ ವಾದ. ಅದಕ್ಕೆ ಅವರು ಹಾಕಿದ ಷರತ್ತು, ಬೇಕಾದ್ದಕ್ಕಿಂತ ಹೆಚ್ಚು ಬಲ ಬಳಸಬಾರದು. ರಾತ್ರಿ ಎರಡು ಗಂಟೆಗೆ ಬಾಗಿಲು ಮುರಿದವನ ಎದುರು ನಡುಗುತ್ತ ನಿಂತವನಿಗೆ ಈ ವಾದ ಒಪ್ಪುತ್ತದೆ. ಹಗಲು ಹನ್ನೊಂದಕ್ಕೆ ಅಂಗಡಿಯಲ್ಲಿ ನಿಂತು ಯಾವ ಗುಂಡು ಎಷ್ಟು ದೊಡ್ಡ ಗಾಯ ಮಾಡುತ್ತದೆ ಎಂದು ಹೋಲಿಸುವವನಿಗೆ? ಅವನಿಗೆ ನಡುಕವಿಲ್ಲ, ಅವಸರವಿಲ್ಲ. ಉದ್ದೇಶದ ಹೊರಗಿನದು ಎಂದು ಅವನು ಯಾವುದನ್ನು ಹೇಳಿಯಾನು?

*

ನಮ್ಮ ಕಾನೂನು ನಡುಗುವವನ ಬಗ್ಗೆ ಉದಾರವಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕಿನವು. ಹಳೆಯ ದಂಡಸಂಹಿತೆಯಲ್ಲಿ ಅವು 96ರಿಂದ 106. ದರೋಡೆ, ಸೂರ್ಯಾಸ್ತದ ನಂತರ ಮನೆ ಒಡೆದು ನುಗ್ಗುವುದು, ಮನೆಗೆ ಬೆಂಕಿ ಇಡುವುದು ಇಂಥ ಸಂದರ್ಭಗಳಲ್ಲಿ ಆಸ್ತಿಯ ರಕ್ಷಣೆಗಾಗಿಯೂ ಪ್ರಾಣ ತೆಗೆಯುವವರೆಗೆ ಆ ಹಕ್ಕು ಹೋಗಬಹುದು. ಬರೀ ಕಳ್ಳತನವಾದರೆ, ಸಾವಿನ ಅಥವಾ ತೀವ್ರ ಗಾಯದ ಭಯಕ್ಕೆ ಸಕಾರಣವಿದ್ದರೆ ಮಾತ್ರ. ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ ಎಂಬ ಮಿತಿಗಳೂ ಇವೆ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಹಕ್ಕಿನ ಸೂತ್ರಗಳನ್ನೆಲ್ಲ ಒಟ್ಟುಮಾಡಿ ಹೇಳಿತು. ಅದರ ಧೋರಣೆ ಇದು: ಅಪಾಯದಲ್ಲಿರುವವನು ತನ್ನ ಪೆಟ್ಟನ್ನು ಒಂದೊಂದಾಗಿ ಅಳೆದು ತೂಗಿ ಕೊಡಲಿ ಎಂದು ನಿರೀಕ್ಷಿಸಲಾಗದು.

ಈ ಕಲಮುಗಳಲ್ಲಿ ನನ್ನನ್ನು ಕಾಡಿದ್ದು ಕೊನೆಯದು, 44. ಪ್ರಾಣಾಂತಿಕ ದಾಳಿಯನ್ನು ಎದುರಿಸುವಾಗ ಅಮಾಯಕರಿಗೆ ಅಪಾಯ ಒಡ್ಡದೆ ರಕ್ಷಿಸಿಕೊಳ್ಳಲು ಸಾಧ್ಯವೇ ಇಲ್ಲದಿದ್ದರೆ, ಆ ಅಪಾಯ ಒಡ್ಡುವವರೆಗೂ ಹಕ್ಕು ಹೋಗುತ್ತದೆ. ಕೆಳಗೊಂದು ಉದಾಹರಣೆ ಇದೆ, 1860ರ ಸಂಹಿತೆಯಿಂದ ಹಾಗೇ ಬಂದದ್ದು. ಒಬ್ಬನನ್ನು ಕೊಲ್ಲಲು ಗುಂಪು ಬರುತ್ತದೆ. ಗುಂಪಿನ ಮೇಲೆ ಗುಂಡು ಹಾರಿಸದೆ ಅವನು ಉಳಿಯಲಾರ. ಆ ಗುಂಪಿನ ನಡುವೆ ಸಣ್ಣ ಮಕ್ಕಳಿದ್ದಾರೆ. ಅವನು ಗುಂಡು ಹಾರಿಸಿ ಮಕ್ಕಳಲ್ಲಿ ಯಾರಿಗಾದರೂ ಹಾನಿಯಾದರೆ ಅದು ಅಪರಾಧವಲ್ಲ.

ಅಪರಾಧವಲ್ಲ ಎಂಬಲ್ಲಿಗೆ ಕಾನೂನು ನಿಲ್ಲುತ್ತದೆ. ಆ ಮನುಷ್ಯ ಮರುದಿನ ಹೇಗೆ ಬದುಕಿದ ಎಂಬುದು ಅದಕ್ಕೆ ಸೇರಿದ್ದಲ್ಲ.

*

ಮುಂದಿನ ಭಾನುವಾರ ದೊಡ್ಡಪ್ಪನಿಗೆ ಹೇಳಿದೆ: "ತೋಟಾ ಆಮೇಲೆ ನೋಡೋಣ, ಮೊದಲು ಮನೆ ಸುತ್ತ ಒಂದು ಸುತ್ತು ಹಾಕೋಣ ಬನ್ನಿ."

ಅಮೆರಿಕದ ಜಿಪ್ಸಮ್ ಗೋಡೆಯ ಲೆಕ್ಕ ನಮ್ಮ ಮನೆಗೆ ಒಪ್ಪುವುದಿಲ್ಲ. ಅಜ್ಜ ಕಟ್ಟಿದ ಭಾಗ ಎರಡಡಿ ದಪ್ಪದ ಕಲ್ಲುಮಣ್ಣಿನದು, ಅದನ್ನು .32ರ ಗುಂಡು ತೂರುವ ಮಾತೇ ಇಲ್ಲ. ಆದರೆ ಯಾರೂ ಗೋಡೆಯ ಮೂಲಕ ಬರುವುದಿಲ್ಲವಲ್ಲ. ಬಾಗಿಲು, ಕಿಟಕಿ, ಹಿತ್ತಿಲು, ಇವುಗಳಿಂದ ಹೊರಟ ಗುಂಡು ಎಲ್ಲಿಗೆ ಹೋಗುತ್ತದೆ ಎಂದು ಒಂದೊಂದೇ ನಿಂತು ನೋಡಿದೆವು. ಮುಂಬಾಗಿಲಿನ ನೇರಕ್ಕೆ ರಸ್ತೆ. ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿದವರು ಬೈಕಿನಲ್ಲಿ ಹೋಗುವ ದಾರಿ. ಎಡಕ್ಕೆ ಕೊಟ್ಟಿಗೆ. ಹಿತ್ತಿಲ ಬಾಗಿಲಿನಿಂದ ನಲವತ್ತು ಹೆಜ್ಜೆಗೆ ಒಂದು ಶೀಟಿನ ಮನೆ. ಯಾದಗಿರಿ ಕಡೆಯಿಂದ ಬಂದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಅಲ್ಲಿದ್ದಾರೆ. ತೋಟದ ಕೆಲಸ ಅವರದೇ. ಝಿಂಕ್ ಶೀಟನ್ನು ಯಾವ ತೋಟಾ ಆದರೂ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಬೀಳುತ್ತದೆ. ಉಳಿದದ್ದು ಬಲಗಡೆ. ಅಲ್ಲಿ ಹಳೇ ಬಾವಿ ತೋಡಿದಾಗ ಹಾಕಿದ ಮಣ್ಣಿನ ದಿಬ್ಬ ಆಳೆತ್ತರಕ್ಕಿದೆ.

ದೊಡ್ಡಪ್ಪ ದಿಬ್ಬವನ್ನೇ ಸ್ವಲ್ಪ ಹೊತ್ತು ನೋಡಿ ಹೇಳಿದರು: "ಅಂಗಾರೆ ಕಳ್ಳ ಈ ಕಡೆಯಿಂದ್ಲೇ ಬರ್ಬೇಕು ಅಂತಾಯ್ತು."

ಇಬ್ಬರೂ ನಕ್ಕೆವು. ನಗುತ್ತಲೇ ನನಗೆ ಅನ್ನಿಸಿದ್ದು ಇದು: ಯಾವ ತೋಟಾ ಎಂಬ ಪ್ರಶ್ನೆಗೆ ತೋಟಾದ ಡಬ್ಬಿಯಲ್ಲಿ ಉತ್ತರವಿಲ್ಲ. ಗುಂಡು ಗುರಿ ತಪ್ಪಿದಾಗ ಅದನ್ನು ಯಾರ ಮೈ ತಡೆಯಬೇಕು ಎಂಬುದೇ ಆ ಪ್ರಶ್ನೆಯ ನಿಜವಾದ ರೂಪ. ನಮ್ಮ ಮನೆಯ ಮಟ್ಟಿಗೆ ಉತ್ತರ ಕಣ್ಣಿಗೆ ಕಾಣುತ್ತಿತ್ತು. ಕಲ್ಲಿನ ಗೋಡೆಯೊಳಗೆ ನಾವು, ಶೀಟಿನೊಳಗೆ ಅವರು. ನಮ್ಮ ಭಯದ ಬೆಲೆಯನ್ನು ಅತಿ ತೆಳುವಾದ ಗೋಡೆಯವರು ಕೊಡಬೇಕಾಗುತ್ತದೆ. ಕಳ್ಳರು ಬಂದರೆ ಮೊದಲ ಅನುಮಾನ ಬೀಳುವುದೂ ಅವರ ಮೇಲೇ ಎಂಬುದು ಬೇರೆ ಮಾತು.

ಆ ಸಂಜೆ ನಾನು ಬಸವಣ್ಣನ ಕಥೆ ಎತ್ತಿದೆ. ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದಾಗ, ಕರುಗಳು ತಾಯಿಯಿಲ್ಲದೆ ಅರಚುತ್ತವೆ, ಅವನ್ನೂ ಅವರಿಗೇ ತಲುಪಿಸಿ ಎಂದು ಹೇಳಿದ ಕಥೆ. ದೊಡ್ಡಪ್ಪ ಪೂರ್ತಿ ಕೇಳಿದರು.

"ಬಸವಣ್ಣ ಬಿಜ್ಜಳನ ಮಂತ್ರಿ ಕಣಪ್ಪ. ನಂದು ಎರಡೆಕರೆ."

ಸೆಮಿನಾರುಗಳಲ್ಲಿ ನಾನು ಕೇಳಿರುವ ಎಷ್ಟೋ ಪ್ರತಿವಾದಗಳಿಗಿಂತ ಇದು ಗಟ್ಟಿಯಾಗಿತ್ತು. ಕ್ಷಮೆಗೂ ಒಂದು ಬಂಡವಾಳ ಬೇಕು. ಹಾಸ್ಟೆಲಿನ ಕೋಣೆಯಲ್ಲಿ, ಗೇಟಿಗೆ ವಾಚ್‌ಮನ್ ಇರುವ ಕಟ್ಟಡದಲ್ಲಿ ಮಲಗುವ ನಾನು, ಕೂಗಿದರೆ ಯಾರೂ ಓಗೊಡದ ಮನೆಯವರಿಗೆ ಅಹಿಂಸೆ ಹೇಳುವುದು ಅಗ್ಗದ ಮಾತು. ಗಾಂಧಿಯವರೇ 1920ರಲ್ಲಿ ಬರೆದಿದ್ದರು, ಹೇಡಿತನ ಮತ್ತು ಹಿಂಸೆ ಇವೆರಡರಲ್ಲಿ ಒಂದನ್ನೇ ಆರಿಸಬೇಕಾದರೆ ತಾವು ಹಿಂಸೆಯನ್ನು ಸೂಚಿಸುವುದಾಗಿ. 1908ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ತಮ್ಮ ಮೇಲೆ ಹಲ್ಲೆಯಾದಾಗ ತಾನು ಅಲ್ಲಿದ್ದರೆ ಏನು ಮಾಡಬೇಕಿತ್ತು ಎಂದು ಹಿರಿಯ ಮಗ ಕೇಳಿದ್ದಕ್ಕೆ, ಬಲ ಬಳಸಿಯಾದರೂ ತಂದೆಯನ್ನು ಕಾಪಾಡುವುದು ಅವನ ಕರ್ತವ್ಯವಾಗಿತ್ತು ಎಂದು ಹೇಳಿದ್ದನ್ನೂ ಅವರು ಅಲ್ಲೇ ದಾಖಲಿಸಿದ್ದಾರೆ.

ನಮ್ಮ ಕಡೆಯ ಕೆರೆ ಏರಿಗಳ ಮೇಲೆ, ಹೊಲದ ಬದುಗಳಲ್ಲಿ ವೀರಗಲ್ಲುಗಳು ಸಿಗುತ್ತವೆ. ತುರುಗೋಳಿನಲ್ಲಿ ಊರ ದನ ಉಳಿಸಲು ಹೋರಾಡಿ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳು ಅವುಗಳಲ್ಲಿ ಬಹಳ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಎದುರು ಕೈಮುಗಿದು ಕೂತ ವೀರ. ಕಳ್ಳರನ್ನು ಎದುರಿಸಬಾರದು ಎಂದು ಈ ಮಣ್ಣು ಎಂದೂ ಹೇಳಿಲ್ಲ. ಆದರೆ ಕಲ್ಲು ನಿಂತದ್ದು ಇಡೀ ಊರಿನ ಪರವಾಗಿ ಮುಂದೆ ಹೋದವನಿಗೆ. ಊರಿನ ಅಪಾಯವನ್ನು ತನ್ನ ಮೈಮೇಲೆ ಎಳೆದುಕೊಂಡವನಿಗೆ. ರಿವಾಲ್ವರ್ ಇದನ್ನು ತಿರುವು ಮುರುವು ಮಾಡುತ್ತದೆ. ನನ್ನ ಅಪಾಯದ ಒಂದು ಪಾಲನ್ನು ಅದು ಸುತ್ತಲಿನವರಿಗೆ ಹಂಚುತ್ತದೆ, ಅವರನ್ನು ಕೇಳದೆ.

ಕಾಯುತ್ತದೆ ಎಂಬ ಭರವಸೆಯಾದರೂ ಎಷ್ಟು ನಿಜ? ಕನ್ನಡದ ಓದುಗರಿಗೆ ಮನೆ ಮತ್ತು ಗುಂಡು ಎಂಬ ಮಾತು ಒಟ್ಟಿಗೆ ಬಂದರೆ ನೆನಪಾಗುವುದು 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆಬಾಗಿಲು, 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರ ಮನೆಯಂಗಳ. ಒಂದು ಕಡೆ ಬಾಗಿಲು ತಟ್ಟಿ ಬಂದರು, ಇನ್ನೊಂದು ಕಡೆ ಮನೆಗೆ ಮರಳುವವರನ್ನು ಕಾದು ನಿಂತಿದ್ದರು. ಬೀರುವಿನ ಬೀಗ ತೆಗೆದು ಬಟ್ಟೆಗಂಟು ಬಿಚ್ಚುವಷ್ಟು ಸಮಯವನ್ನು ಕೊಲ್ಲಲು ಬಂದವರು ಕೊಡುವುದಿಲ್ಲ. ಆ ಸಮಯ ಸಿಗುವುದು ಹೆಚ್ಚಾಗಿ ಸಣ್ಣ ಕಳ್ಳನ ಎದುರು, ಅಂದರೆ ಗುಂಡು ಹಾರಿಸುವ ಹಕ್ಕು ಎಲ್ಲಿ ಕಡಿಮೆಯೋ ಅಲ್ಲಿ.

*

ಫೆಬ್ರವರಿಯಲ್ಲಿ ಒಂದು ರಾತ್ರಿ ನಾನು ಅಲ್ಲೇ ಇದ್ದೆ. ಒಂದೂವರೆ ಗಂಟೆಗೆ ನಾಯಿ ಬೊಗಳಿತು. ಬೋರ್‌ವೆಲ್ ಕಡೆ ಟಾರ್ಚಿನ ಬೆಳಕು ಆಡುತ್ತಿತ್ತು. ಕೇಬಲ್ ಕಳ್ಳರು. ಸ್ಟಾರ್ಟರ್ ಪೆಟ್ಟಿಗೆಯಿಂದ ಬೋರ್‌ವೆಲ್‌ವರೆಗಿನ ತಾಮ್ರದ ಕೇಬಲ್ ಕತ್ತರಿಸಿಕೊಂಡು ಹೋಗುವುದು ಈ ಕಡೆ ಹೊಸದಲ್ಲ. ನಾನು 112ಕ್ಕೆ ಫೋನ್ ಮಾಡುತ್ತಿರುವಾಗಲೇ ದೊಡ್ಡಪ್ಪ ರಿವಾಲ್ವರ್ ಹಿಡಿದು ಹಿತ್ತಿಲ ಬಾಗಿಲು ತೆಗೆದರು.

ಕತ್ತಲಲ್ಲಿ ಮೂರು ಆಕೃತಿಗಳು ಓಡಾಡುವುದು ಕಂಡಿತು. ದೊಡ್ಡಪ್ಪನ ಕೈ ಅರ್ಧ ಎದ್ದು ಅಲ್ಲೇ ನಿಂತಿತು. ನಾನು ಏನೂ ಹೇಳಲಿಲ್ಲ, ಹೇಳಲು ಬಾಯಿ ಬರಲಿಲ್ಲ. ಅವರು ಗಂಟಲು ಹರಿಯುವಂತೆ ಕೂಗಿದರು. ಎರಡು ಆಕೃತಿಗಳು ಬೇಲಿ ಹಾರಿದವು, ಬೈಕೊಂದು ಸ್ಟಾರ್ಟ್ ಆದ ಸದ್ದು ಬಂತು. ಮೂರನೆಯದು ಓಡಲಿಲ್ಲ. ಅದು ನಮ್ಮ ಕಡೆಗೇ ನಡೆದು ಬಂತು. ಶೀಟಿನ ಮನೆಯವನು, ಕೈಯಲ್ಲಿ ಸನಿಕೆ. ನಾಯಿ ಬೊಗಳಿದ್ದಕ್ಕೆ ನಮಗಿಂತ ಮೊದಲೇ ಎದ್ದು ಬಂದಿದ್ದ. "ಹೋದ್ರು ಗೌಡ್ರೇ, ವಯರ್ ಒಯ್ದ್ರು" ಎಂದ.

ದೊಡ್ಡಪ್ಪ ರಿವಾಲ್ವರನ್ನು ಟವೆಲ್ಲಿನಲ್ಲಿ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡರು. ಅವನು ಅದನ್ನು ನೋಡಿದನೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

ಮರುದಿನ ಬೆಳಗ್ಗೆ ದೊಡ್ಡಪ್ಪ ಕಾಫಿ ಮುಟ್ಟಲಿಲ್ಲ. ಅವರು ಉಳಿಸಿದ ಒಂದು ಜೀವದ ಬಗ್ಗೆ ನಾನು ಏನೋ ಹೇಳಹೊರಟೆ. ಅವರು ತಡೆದರು.

"ಅವತ್ತು ಮನೆ ಸುತ್ತ ತಿರುಗಾಡಿಸಿದ್ಯಲ್ಲ, ಅದಕ್ಕೇ ಕೈ ಏಳ್ಲಿಲ್ಲ. ಒಳ್ಳೇದೇ ಆಯ್ತು ಅನ್ನು. ಆದ್ರೆ ಕೇಬಲ್ ಹನ್ನೊಂದು ಸಾವಿರ. ನೀರಿಲ್ದೆ ನಾಲ್ಕು ದಿನ ಗಿಡ ಒಣಗ್ತದೆ. ಅದ್ನ ಯಾರು ಕೊಡ್ತಾರೆ, ನಿನ್ ಪುಸ್ತಕ ಕೊಡ್ತದಾ?"

ಅದರಲ್ಲಿ ಸಿಟ್ಟಿತ್ತು, ನಾಚಿಕೆಯೂ ಇತ್ತು. ಹೊರಗೆ ಬಂದು ಗುಂಡು ಹಾರಿಸದೆ ನಿಂತ ಗಂಡಸಿನ ನಾಚಿಕೆ. ಅವರು ಹಾರಿಸಿದ್ದರೆ ಕಾನೂನಿನ ಲೆಕ್ಕದಲ್ಲಿ ತೋಟದ ಕೇಬಲ್ ಕಳ್ಳತನ ಪ್ರಾಣ ತೆಗೆಯುವ ಹಕ್ಕು ಕೊಡುತ್ತಿರಲಿಲ್ಲ, ಜೈಲಾಗಬಹುದಿತ್ತು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವರ ಪ್ರಶ್ನೆ ಕಾನೂನಿನದಾಗಿರಲಿಲ್ಲ. ಗುಂಡು ಹಾರಿಸಬೇಡ ಎಂಬ ಮಾತಿಗೂ ಒಂದು ಬೆಲೆಯಿದೆ, ಆ ಬೆಲೆಯನ್ನು ಯಾವಾಗಲೂ ಎರಡೆಕರೆಯವನೊಬ್ಬನೇ ಯಾಕೆ ಕೊಡಬೇಕು ಎಂದು ಅವರು ಕೇಳುತ್ತಿದ್ದರು. ಮತ್ತೊಬ್ಬನ ಕೈ ತಡೆಯುವವನು ಅವನ ನಷ್ಟದಲ್ಲೂ ಪಾಲುದಾರನಾಗಬೇಕು. ಇಲ್ಲದಿದ್ದರೆ ಅವನ ನೀತಿಯೂ ಪಕ್ಕದವನ ಮೈಮೇಲೆ ಬೀಳುವ ಇನ್ನೊಂದು ಗುಂಡು. ಆ ತಿಂಗಳ ಫೆಲೋಶಿಪ್ಪಿನಲ್ಲಿ ಐದೂವರೆ ಸಾವಿರ ಕೊಟ್ಟೆ. ಬೇಡ ಎಂದರು, ಒತ್ತಾಯ ಮಾಡಿದ ಮೇಲೆ ತೆಗೆದುಕೊಂಡರು.

ರಿವಾಲ್ವರ್ ಈಗಲೂ ಬೀರುವಿನಲ್ಲಿದೆ. ಮಾರಿಬಿಡಿ ಎಂದು ನಾನು ಹೇಳಿಲ್ಲ. ಅವರ ಒಂಟಿತನಕ್ಕೆ ನನ್ನ ಬಳಿ ಬೇರೆ ಮದ್ದಿಲ್ಲ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಎಲ್ಲರಂತೆ ಅವರೂ ಅದನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟಿದ್ದರು. ಆ ದಿನಗಳನ್ನು ನೆನೆದು ದೊಡ್ಡಮ್ಮ ಹೇಳುವುದು: "ಅದು ಇಲ್ದಾಗ ಕಳ್ರು ಭಯ ಒಂದೇ ಇತ್ತು."

ಹೋದ ವಾರ ಹೋದಾಗ ಹಿತ್ತಿಲಿನಲ್ಲಿ ಹೊಸ ಕಂಬ, ಅದರ ಮೇಲೊಂದು ದೊಡ್ಡ ಎಲ್‌ಇಡಿ ದೀಪ. ಅದರ ಸ್ವಿಚ್ಚು ಎರಡು ಕಡೆ ಇದೆ, ಒಂದು ನಮ್ಮ ಅಡುಗೆಮನೆಯಲ್ಲಿ, ಇನ್ನೊಂದು ಶೀಟಿನ ಮನೆಯಲ್ಲಿ. ತೋಟಾದ ವಿಷಯ ಏನು ಮಾಡಿದಿರಿ ಎಂದು ಕೇಳಿದೆ.

"ಅದೇ ಹಳೇದೇ ಐತೆ," ಎಂದರು ದೊಡ್ಡಪ್ಪ. "ಯಾವ್ದಾದ್ರೇನು, ಮೊದ್ಲು ಎದುರಿಗಿರೋನು ಯಾರು ಅಂತ ಕಾಣ್ಬೇಕಲ್ಲ."